ಜಾತಕ ತೋರಿಸುತ್ತೇವೆ, ಬಯಾಪ್ಸಿ ವರದಿ ಬಚ್ಚಿಡುತ್ತೇವೆ

ಕಳೆದ ರಾಜ್ಯೋತ್ಸವದ ದಿನ ಸಂಘದ ಊಟದ ಪಂಕ್ತಿಯಲ್ಲಿ ನಮ್ಮ ಎಡಗಡೆ ಕುಳಿತಿದ್ದ ಹಿರಿಯರೊಬ್ಬರು ಬಿಸಿಬೇಳೆ ಹುಳಿಯನ್ನ ಕಲಸುತ್ತಲೇ ಒಂದು ತೀರ್ಪು ಕೊಟ್ಟರು. "ಕಿಡ್ನಿಗೆ ಸೂಜಿ ಹಾಕಿಸಿಕೊಂಡವರು ಸುಧಾರಿಸಿದ್ದುಂಟೇನ್ರೀ ರಾಯರೇ? ಇದ್ದದ್ದೂ ಹೋಗುತ್ತೆ. ಬಯಾಪ್ಸಿ ಅನ್ನೋದು ಬಿಲ್ಲು ಬೆಳೆಸೋ ದಾರಿ, ಅಷ್ಟೇ." ಎದುರು ಸಾಲಿನಲ್ಲಿದ್ದ ನಾಲ್ಕೈದು ಮಂದಿ ಹೌದೆಂದು ತಲೆದೂಗಿದರು. ಹಪ್ಪಳ ಬಡಿಸಲು ಬಂದ ಹುಡುಗನೂ ತಲೆದೂಗಿದ. ಪಂಕ್ತಿಯಲ್ಲಿ ವಾದ ಹೂಡಬಾರದೆಂದು ನಾವು ಅಂದು ಸುಮ್ಮನಿದ್ದೆವು. ಸುಮ್ಮನಿದ್ದದ್ದು ತಪ್ಪೆಂದು ಮನೆಗೆ ಬಂದ ಮೇಲೆ ಅನಿಸಿತು. ಅಲ್ಲಿ ನುಂಗಿಕೊಂಡ ಮಾತನ್ನು ಇಲ್ಲಿ ಆಡುತ್ತಿದ್ದೇವೆ.

ನಾವು ವೈದ್ಯರಲ್ಲ. ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿ ಕೇಂದ್ರ ಸರ್ಕಾರದ ಗುಮಾಸ್ತಗಿರಿಗೆ ಸೇರಿ, ಆರು ವರ್ಷ ವಿಜಯವಾಡದಲ್ಲೂ ಎಂಟು ವರ್ಷ ವಿಶಾಖಪಟ್ಟಣದಲ್ಲೂ ಕಡತ ತಿರುವಿದವರು. ಆದರೆ ಕಡತ ಓದುವುದು ನಮಗೆ ಗೊತ್ತು. ಮೊದಲ ಪುಟದಲ್ಲಿ ವಿಷಯ, ಕೊನೆಯ ಪುಟದಲ್ಲಿ ಹಣದ ಲೆಕ್ಕ. ಮೊದಲ ಪುಟ ಮಾತ್ರ ಓದಿ ಸಹಿ ಹಾಕಿದವನ ಗತಿ ಏನೆಂದು ಕಛೇರಿಯಲ್ಲಿ ಎಲ್ಲರಿಗೂ ತಿಳಿದಿದೆ. ಮೂತ್ರಪಿಂಡದ ಬಯಾಪ್ಸಿ ವರದಿಯನ್ನು ನಮ್ಮ ಮನೆಗಳಲ್ಲಿ ಹೀಗೆಯೇ ಓದಲಾಗುತ್ತಿದೆ. ಅದೂ ಓದಿದರೆ.

ನಮ್ಮ ಷಡ್ಡಕರ ವಿಷಯ ಹೇಳಲೇಬೇಕು. ಅವರ ಅನುಮತಿ ಪಡೆದೇ ಬರೆಯುತ್ತಿದ್ದೇವೆ. ವಿಜಯವಾಡದಲ್ಲಿ ನೌಕರಿ. 2017ರಲ್ಲಿ ಕಛೇರಿಯ ವಾರ್ಷಿಕ ತಪಾಸಣೆಯಲ್ಲಿ ಮೂತ್ರದಲ್ಲಿ ಪ್ರೋಟೀನು, ಕಣ್ಣಿಗೆ ಕಾಣದಷ್ಟು ರಕ್ತ, ರಕ್ತದೊತ್ತಡ 150ಕ್ಕೆ 100. ವಯಸ್ಸು ಮೂವತ್ತನಾಲ್ಕು. ಕ್ರಿಯಾಟಿನಿನ್ 1.3. ಹತ್ತಿರದ ದವಾಖಾನೆಯಲ್ಲಿ "ಹೆಚ್ಚೇನಿಲ್ಲ" ಎಂದರು. ನಮ್ಮ ಅತ್ತೆಯವರು "ಬೆಜವಾಡದ ಬಿಸಿಲು, ಉಷ್ಣ" ಎಂದು ದಿನಕ್ಕೆ ಎರಡು ಚೊಂಬು ಮಜ್ಜಿಗೆ ಕುಡಿಸಿದರು. ಆಮೇಲೆ ಇನ್ನೊಬ್ಬ ವೈದ್ಯರು ಬಯಾಪ್ಸಿ ಮಾಡಿಸಿ ಎಂದಾಗ ಮನೆಯಲ್ಲಿ ಅದೇ ಪಂಕ್ತಿಯ ಮಾತು: ಸೂಜಿ ಬೇಡ. ಒಂದೂವರೆ ವರ್ಷ ಹಾಗೆಯೇ ಕಳೆಯಿತು. 2019ರಲ್ಲಿ ಕ್ರಿಯಾಟಿನಿನ್ 2.1 ಆದ ಮೇಲೆ ಬಯಾಪ್ಸಿ ಆಯಿತು. ತುಣುಕು ಹೈದರಾಬಾದಿಗೆ ಹೋಗಿ ಒಂಬತ್ತು ದಿನಕ್ಕೆ ವರದಿ ಬಂತು. ಆಸ್ಪತ್ರೆಯಲ್ಲಿ ಎರಡು ನಿಮಿಷದಲ್ಲಿ ಹೇಳಿದ್ದು ಇಷ್ಟು: "ಐಜಿಎ ನೆಫ್ರೋಪತಿ. ಮಾತ್ರೆ ತೆಗೆದುಕೊಳ್ಳಿ, ತಿಂಗಳಿಗೊಮ್ಮೆ ಬನ್ನಿ." ಹೆಸರು ಸಿಕ್ಕಿತಲ್ಲ ಎಂದು ಎಲ್ಲರಿಗೂ ಸಮಾಧಾನ. ಅದೇ ವರ್ಷ ಸಾಲ ಮಾಡಿ ಫ್ಲ್ಯಾಟು ಕೊಂಡರು.

2022ರ ಒಂದು ರಾತ್ರಿ ಉಸಿರು ಕಟ್ಟಿ ಆಸ್ಪತ್ರೆಗೆ ಒಯ್ದರು. ಕೈಯಲ್ಲಿ ಫಿಸ್ಟುಲಾ ಮಾಡಿಸಿರಲಿಲ್ಲ. ಕತ್ತಿನ ರಕ್ತನಾಳಕ್ಕೆ ತೂರುನಳಿಕೆ ಹಾಕಿ ಡಯಾಲಿಸಿಸ್ ಶುರುವಾಯಿತು. ಆ ವಾರ ನಾವು ರಜೆ ಹಾಕಿ ವಿಜಯವಾಡಕ್ಕೆ ಹೋಗಿ, ಗೋದ್ರೆಜ್ ಬೀರುವಿನ ಮೇಲೆ ಪಂಚಾಂಗದ ಕೆಳಗೆ ಬಿದ್ದಿದ್ದ ಆ 2019ರ ವರದಿಯನ್ನು ತೆಗೆದು ಓದಿದೆವು. ಎರಡನೆಯ ಪುಟದಲ್ಲಿ ಸ್ಪಷ್ಟವಾಗಿ ಅಚ್ಚಾಗಿತ್ತು: ಸಿಕ್ಕ ಹದಿನಾರು ಗ್ಲೊಮೆರುಲಸ್‌ಗಳಲ್ಲಿ ಏಳು ಸಂಪೂರ್ಣ ಗಡುಸಾಗಿವೆ, ನಳಿಕೆಗಳ ಸವಕಳಿ ಮತ್ತು ನಡುವಿನ ನಾರುಗಟ್ಟುವಿಕೆ ಶೇಕಡ 55. ಅಂಕ: ಎಂ1, ಇ0, ಎಸ್1, ಟಿ2, ಸಿ0. ಮೂರು ವರ್ಷ ಅದು ಅಲ್ಲಿ ಕುಳಿತಿತ್ತು. ಹೇಳಬೇಕಾದವರು ಹೇಳಲಿಲ್ಲ, ಕೇಳಬೇಕಾದವರು ಕೇಳಲಿಲ್ಲ. ಕೇಳಬೇಕಾದವರಲ್ಲಿ ಬಿ.ಎಸ್ಸಿ. ಓದಿದ ನಾವೂ ಒಬ್ಬರು.

ಆ ಅಂಕಗಳೇನೆಂದು ತಿಳಿಯದವರಿಗಾಗಿ ಸ್ವಲ್ಪ ವಿವರ. ಒಂದೊಂದು ಮೂತ್ರಪಿಂಡದಲ್ಲಿ ಸುಮಾರು ಹತ್ತು ಲಕ್ಷ ಸೋಸುವ ಘಟಕಗಳಿವೆ. ಪ್ರತಿ ಘಟಕದಲ್ಲೂ ಸೂಕ್ಷ್ಮ ರಕ್ತನಾಳಗಳ ಒಂದು ಉಂಡೆ, ಅದೇ ಗ್ಲೊಮೆರುಲಸ್. ಅದರಿಂದ ಹೊರಟ ಒಂದು ಸುರುಳಿ ನಳಿಕೆ. ಉಂಡೆ ಸೋಸುತ್ತದೆ, ನಳಿಕೆ ಬೇಕಾದ ನೀರನ್ನೂ ಲವಣಗಳನ್ನೂ ರಕ್ತಕ್ಕೆ ಹಿಂದಿರುಗಿಸುತ್ತದೆ. ರೋಗ ತಗುಲಿದಾಗ ಮೊದಲು ಉರಿಯೂತ, ಅದು ಆರದಿದ್ದರೆ ಗಾಯ ಮಾಗಿ ಕಲೆ ಉಳಿದ ಹಾಗೆ ನಾರುಗಟ್ಟುವಿಕೆ. ಉರಿಯೂತ ಕೆಂಡ, ನಾರು ಬೂದಿ. ಕೆಂಡಕ್ಕೆ ನೀರು ಹೊಯ್ಯಬಹುದು. ಬೂದಿಗೆ ಹೊಯ್ದು ಏನು ಪ್ರಯೋಜನ? ಬಯಾಪ್ಸಿಯಲ್ಲಿ ಕೆಂಡವೆಷ್ಟು, ಬೂದಿಯೆಷ್ಟು ಎಂದು ಕಣ್ಣಾರೆ ನೋಡುತ್ತಾರೆ. ಕ್ರಿಯಾಟಿನಿನ್ ಇದನ್ನು ಹೇಳಲಾರದು. ಅದು ಒಟ್ಟು ನಷ್ಟದ ಮೊತ್ತ ಮಾತ್ರ. ಅದೂ ಅರ್ಧದಷ್ಟು ಕೆಲಸ ಕೆಡುವವರೆಗೆ ಹೆಚ್ಚು ಕದಲುವುದಿಲ್ಲ.

ಐಜಿಎ ರೋಗಕ್ಕೆ 2009ರಲ್ಲಿ ಆಕ್ಸ್‌ಫರ್ಡ್ ವರ್ಗೀಕರಣವೆಂದು ಒಂದು ಅಂಕಪದ್ಧತಿ ಬಂತು. ಎಂ, ಇ, ಎಸ್ ಎಂಬವು ಉಂಡೆಯೊಳಗಿನ ಬದಲಾವಣೆಗಳು. ಟಿ ಎಂಬುದು ನಳಿಕೆಗಳ ಸವಕಳಿ: ಕಾಲು ಭಾಗದವರೆಗೆ ಸೊನ್ನೆ, ಅಲ್ಲಿಂದ ಅರ್ಧದವರೆಗೆ ಒಂದು, ಅರ್ಧ ಮೀರಿದರೆ ಎರಡು. ಮುಂದೆ ಅರ್ಧಚಂದ್ರಾಕಾರದ ಗಾಯಗಳಿಗೆ ಸಿ ಎಂಬ ಅಕ್ಷರವನ್ನೂ ಸೇರಿಸಿದರು. ಈ ಐದರಲ್ಲಿ ಮುಂದಿನ ದಾರಿಯನ್ನು ಹೆಚ್ಚು ಖಚಿತವಾಗಿ ಸೂಚಿಸುವುದು ಟಿ. ಇದು ಹೊಸ ಮಾತೇನಲ್ಲ. 1968ರಲ್ಲೇ ಲಂಡನ್ನಿನ ರಿಸ್ಡನ್, ಸ್ಲೋಪರ್, ಡಿ ವಾರ್ಡನರ್ ಎಂಬ ಮೂವರು, ಉಂಡೆಯ ರೋಗದಲ್ಲಿ ಸಹ ಮೂತ್ರಪಿಂಡದ ಶಕ್ತಿ ಕುಂದುವುದು ಉಂಡೆಗಿಂತ ನಳಿಕೆಗಳ ಹಾನಿಗೆ ಹೆಚ್ಚು ಹೊಂದಿಕೊಂಡಿದೆಯೆಂದು ತೋರಿಸಿದ್ದರು. 2018ರಲ್ಲಿ ಬಾಸ್ಟನ್ನಿನ ಆಸ್ಪತ್ರೆಗಳವರು ನಾನಾ ಬಗೆಯ ಮೂತ್ರಪಿಂಡ ರೋಗಿಗಳ ಬಯಾಪ್ಸಿಗಳನ್ನು ಒಟ್ಟಿಗೆ ಪರಿಶೀಲಿಸಿ, ರೋಗದ ಹೆಸರು, ಕ್ರಿಯಾಟಿನಿನ್, ಮೂತ್ರದ ಪ್ರೋಟೀನು ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಕಲೆಯ ಪ್ರಮಾಣ ತನ್ನದೇ ಆದ ಸುದ್ದಿ ಹೇಳುತ್ತದೆಂದು ಪ್ರಕಟಿಸಿದರು. ಅಂದರೆ ಎರಡನೆಯ ಪುಟ ಅಲಂಕಾರಕ್ಕಲ್ಲ.

ಷಡ್ಡಕರಿಗೆ ಟಿ2 ಎಂದು 2019ರಲ್ಲೇ ಬಿಡಿಸಿ ಹೇಳಿದ್ದರೆ ಮೂತ್ರಪಿಂಡ ಉಳಿಯುತ್ತಿತ್ತೇ? ಬಹುಶಃ ಇಲ್ಲ. ಬಹುಪಾಲು ಬೂದಿಯಾಗಿತ್ತು. ಆದರೆ ಸಾಲದ ಫ್ಲ್ಯಾಟು ಕೊಳ್ಳುತ್ತಿರಲಿಲ್ಲ. ಫಿಸ್ಟುಲಾ ಹದಕ್ಕೆ ಬರಲು ಒಂದೆರಡು ತಿಂಗಳು ಬೇಕು, ಮೊದಲೇ ಮಾಡಿಸಿಕೊಳ್ಳುತ್ತಿದ್ದರು. ಅವರ ಅಕ್ಕ 2023ರಲ್ಲಿ ತಮ್ಮ ಕಿಡ್ನಿ ಕೊಟ್ಟರು, ಈಗ ಷಡ್ಡಕರು ಕೆಲಸಕ್ಕೆ ಹೋಗುತ್ತಿದ್ದಾರೆ. ಆ ಪುಣ್ಯಾತ್ಗಿತ್ತಿಯನ್ನು ಡಯಾಲಿಸಿಸ್‌ಗೆ ಮುಂಚೆಯೇ ಕೇಳಬಹುದಿತ್ತು. ಕತ್ತಿನ ನಳಿಕೆಗೆ ಸೋಂಕು ತಗುಲಿ ಇಪ್ಪತ್ತು ದಿನ ಜ್ವರದಲ್ಲಿ ಬಿದ್ದದ್ದು ತಪ್ಪುತ್ತಿತ್ತು. ಮುನ್ಸೂಚನೆ ಎಂದರೆ ಮನೆ ನಡೆಸುವವರಿಗೆ ಇಷ್ಟೇ ಅರ್ಥ. ಇನ್ನು 2017ರಲ್ಲೇ, ಕ್ರಿಯಾಟಿನಿನ್ 1.3 ಇದ್ದಾಗಲೇ, ಸೂಜಿ ಹಾಕಿಸಿದ್ದರೆ ಏನು ಕಾಣುತ್ತಿತ್ತೋ! ಆ ಪ್ರಶ್ನೆಯನ್ನು ನಮ್ಮ ಅತ್ತೆಯವರ ಎದುರು ಎತ್ತುವುದನ್ನು ನಾವು ಬಿಟ್ಟಿದ್ದೇವೆ.

ಈಗ ಸೂಜಿಯ ಭಯಕ್ಕೆ ಬರೋಣ. 1951ರಲ್ಲಿ ಕೋಪನ್‌ಹೇಗನ್ನಿನ ಇವರ್ಸನ್ ಮತ್ತು ಬ್ರೂನ್ ಎಂಬವರು ಸೂಜಿಯಿಂದ ಮೂತ್ರಪಿಂಡದ ತುಣುಕು ತೆಗೆಯುವ ವಿಧಾನವನ್ನು ಪ್ರಕಟಿಸಿದರು. ರೋಗಿಯನ್ನು ಕೂರಿಸಿ ತೆಗೆಯುತ್ತಿದ್ದರು. ಎಷ್ಟೋ ಸಲ ತುಣುಕೇ ಸಿಗುತ್ತಿರಲಿಲ್ಲ. 1954ರಲ್ಲಿ ಕಾರ್ಕ್ ಮತ್ತು ಮ್ಯೂರ್ಕೆ ಎಂಬ ವೈದ್ಯರು ಬೋರಲು ಮಲಗಿಸಿ ತೆಗೆಯಲು ಪ್ರಾರಂಭಿಸಿದ ಮೇಲೆ ಕೆಲಸ ಸುಲಭವಾಯಿತು. ಈಗ ಅಲ್ಟ್ರಾಸೌಂಡ್ ಪರದೆಯಲ್ಲಿ ನೋಡುತ್ತಾ, ಆ ಜಾಗ ಮರಗಟ್ಟಿಸಿ, ಸ್ಪ್ರಿಂಗ್ ಸೂಜಿಯಿಂದ ಶಾವಿಗೆ ಎಳೆಯಂಥ ಒಂದೆರಡು ತುಣುಕು ತೆಗೆಯುತ್ತಾರೆ. ಆಮೇಲೆ ಕೆಲವು ಗಂಟೆ ಅಲುಗಾಡದೆ ಅಂಗಾತ ಮಲಗಬೇಕು. ನೂರರಲ್ಲಿ ಮೂರು ನಾಲ್ಕು ಮಂದಿಗೆ ಮೂತ್ರದಲ್ಲಿ ಕಣ್ಣಿಗೆ ಕಾಣುವಷ್ಟು ರಕ್ತ ಹೋಗಬಹುದು. ರಕ್ತ ಕೊಡಬೇಕಾಗಿ ಬರುವುದು ನೂರಕ್ಕೆ ಒಬ್ಬರಿಗೆ. ಪ್ರಾಣಾಪಾಯ ಅತಿ ವಿರಳ. ಅಪಾಯವೇ ಇಲ್ಲವೆಂದು ನಾವು ಹೇಳುವುದಿಲ್ಲ. ರಕ್ತದೊತ್ತಡ ಹತೋಟಿಯಲ್ಲಿಲ್ಲದವರಿಗೆ, ರಕ್ತ ಹೆಪ್ಪುಗಟ್ಟದವರಿಗೆ, ಮೂತ್ರಪಿಂಡ ಈಗಾಗಲೇ ಕುಗ್ಗಿದವರಿಗೆ ಅದನ್ನು ಮಾಡುವುದಿಲ್ಲ. ಇಪ್ಪತ್ತು ವರ್ಷದಿಂದ ಸಕ್ಕರೆ ಕಾಯಿಲೆಯಿದ್ದು, ಕಣ್ಣಿನ ಪರದೆಯೂ ಕೆಟ್ಟು, ಪ್ರೋಟೀನು ಮೆಲ್ಲಮೆಲ್ಲನೆ ಏರಿದವರಿಗೆ ಸಾಮಾನ್ಯವಾಗಿ ಅದು ಬೇಕಾಗುವುದಿಲ್ಲ. ಆದರೆ ಕಾರಣ ತಿಳಿಯದೆ ಮೂತ್ರದಲ್ಲಿ ರಕ್ತವೂ ಪ್ರೋಟೀನೂ ಹೋಗುವ ಮೂವತ್ತರ ಹರೆಯದವನಿಗೆ "ಸೂಜಿ ಬೇಡ, ಮಜ್ಜಿಗೆ ಕುಡಿ" ಎನ್ನುವುದು ಪ್ರೀತಿಯಲ್ಲ, ಅನ್ಯಾಯ.

ಪಂಕ್ತಿಯ ಹಿರಿಯರಿಗಿಂತ ಚುರುಕಾದ ಇನ್ನೊಂದು ವರ್ಗ ಇದೆ. ಇವರು ಹೇಳುವುದು: "ವಯಸ್ಸು, ಗಂಡೋ ಹೆಣ್ಣೋ, ಕ್ರಿಯಾಟಿನಿನ್ನಿನಿಂದ ತೆಗೆದ ಸೋಸುವಿಕೆಯ ಪ್ರಮಾಣ, ಮೂತ್ರದ ಆಲ್ಬುಮಿನ್, ಈ ನಾಲ್ಕು ಇದ್ದರೆ ಸಾಕು, ಸೂಜಿಯೇ ಇಲ್ಲದೆ ಭವಿಷ್ಯ ಹೇಳಬಹುದು." ನಿಜ. ಕೆನಡಾದ ಟ್ಯಾಂಗ್ರಿ ಮತ್ತು ಸಂಗಡಿಗರು 2011ರಲ್ಲಿ ಅಂಥ ಸೂತ್ರ ಕೊಟ್ಟಿದ್ದಾರೆ, ಜಗತ್ತಿನ ಹಲವೆಡೆ ಅದು ಚೆನ್ನಾಗಿ ಕೆಲಸ ಮಾಡಿದೆ. ಆದರೆ ಆ ಸೂತ್ರ ಎಷ್ಟು ದಿನವಿದೆ ಎನ್ನುತ್ತದೆಯೇ ಹೊರತು ಏಕೆ ಎನ್ನುವುದಿಲ್ಲ. ಕೆಂಡವಿದ್ದರೆ ಯಾವ ನೀರು ಹೊಯ್ಯಬೇಕೆಂದೂ ಹೇಳುವುದಿಲ್ಲ. ಜೊತೆಗೆ ಅದು ಆಲ್ಬುಮಿನ್ನನ್ನು ಬಹಳ ನಂಬುತ್ತದೆ. ಆ ನಂಬಿಕೆ ಎಲ್ಲಿ ಕೈಕೊಡುತ್ತದೆಂದು ತಿಳಿಯಲು ವಿಶಾಖಪಟ್ಟಣದಿಂದ ಹೌರಾ ದಾರಿಯ ರೈಲು ಹತ್ತಿದರೆ ಸಾಕು.

ಶ್ರೀಕಾಕುಳಂ ಜಿಲ್ಲೆಯ ಉದ್ದಾನಂ ಸೀಮೆ. ಪಲಾಸ, ಮಂದಸ, ವಜ್ರಪುಕೊತ್ತೂರು, ಸೋಂಪೇಟ, ಕಂಚಿಲಿ, ಕವಿಟಿ, ಇಚ್ಛಾಪುರಂ, ಹೀಗೆ ಏಳು ಮಂಡಲಗಳು. ತೆಂಗು, ಗೇರು, ಹಲಸಿನ ತೋಟಗಳು. ಒಮ್ಮೆ ನೋಡಿದರೆ ನಮ್ಮ ಕರಾವಳಿಯೇ ನೆನಪಾಗುತ್ತದೆ. ಅಲ್ಲಿ ದೊಡ್ಡವರಲ್ಲಿ ಐವರಿಗೊಬ್ಬರಂತೆ ಮೂತ್ರಪಿಂಡ ಕೆಟ್ಟಿದೆ. ಸಕ್ಕರೆ ಕಾಯಿಲೆ ಇಲ್ಲದ, ಹಗಲೆಲ್ಲ ತೋಟದಲ್ಲಿ ದುಡಿಯುವ ಜನಕ್ಕೆ ಈ ರೋಗ. ನೀರಿನ ಮೇಲೆ, ಕೀಟನಾಶಕದ ಮೇಲೆ, ಬಿಸಿಲಿನ ದುಡಿಮೆಯ ಮೇಲೆ, ನೋವಿನ ಮಾತ್ರೆಗಳ ಮೇಲೆ ಸಂಶಯಪಟ್ಟು ಹುಡುಕಿದ್ದಾರೆ. ಕಾರಣ ಇನ್ನೂ ಸ್ಥಿರಪಟ್ಟಿಲ್ಲ. ವಿಶಾಖಪಟ್ಟಣದ ಕಿಂಗ್ ಜಾರ್ಜ್ ಆಸ್ಪತ್ರೆಯ ವೈದ್ಯರು ಬಹಳ ವರ್ಷಗಳಿಂದ ಈ ರೋಗಿಗಳನ್ನು ನೋಡುತ್ತಾ ಬಂದಿದ್ದಾರೆ. ಮುಂದೆ ವಿಜಯವಾಡದ ಆರೋಗ್ಯ ವಿಶ್ವವಿದ್ಯಾಲಯದ ಕುಲಪತಿಯಾದ ಡಾ. ಟಿ. ರವಿರಾಜು ಅವರು ಈ ಸೀಮೆಯ ರೋಗಪ್ರಮಾಣವನ್ನು ಅಳೆದು 2019ರಲ್ಲಿ ಪ್ರಕಟಿಸಿದವರಲ್ಲಿ ಪ್ರಮುಖರು. ಅಲ್ಲಿಯ ರೋಗಿಗಳ ಬಯಾಪ್ಸಿಗಳು ಮುಖ್ಯವಾಗಿ ತೋರಿಸಿದ್ದು ನಳಿಕೆಗಳ ಸವಕಳಿ ಮತ್ತು ನಡುವಿನ ನಾರು. ಉಂಡೆಗಳು ಕೆಡುವುದು ಆಮೇಲೆ. ಉಂಡೆ ಕೆಡದಿದ್ದರೆ ಪ್ರೋಟೀನು ಹೆಚ್ಚು ಸೋರುವುದಿಲ್ಲ. ಸೋರದಿದ್ದರೆ ಮೂತ್ರದಲ್ಲಿ ಅದ್ದುವ ಕಾಗದದ ಪಟ್ಟಿ ಬಣ್ಣ ಬದಲಿಸುವುದಿಲ್ಲ. ಪಟ್ಟಿ ಬಣ್ಣ ಬದಲಿಸದಿದ್ದರೆ ಶಿಬಿರದ ವೈದ್ಯರು "ಎಲ್ಲಾ ಸರಿಯಿದೆ" ಎಂದು ಕಳುಹಿಸುತ್ತಾರೆ. ಆಲ್ಬುಮಿನ್ನನ್ನು ನಂಬಿದ ಸೂತ್ರ ಇಂಥವನ ಮುಂದೆ ಏನು ಮಾಡೀತು? ಇಂಥದೇ ಕಥೆ ವಿಜಯವಾಡದ ಮಗ್ಗುಲಲ್ಲೂ ಇದೆ. ಈಗ ಎನ್.ಟಿ.ಆರ್. ಜಿಲ್ಲೆಗೆ ಸೇರಿದ ಎ. ಕೊಂಡೂರು ಮಂಡಲದ ಲಂಬಾಣಿ ತಾಂಡಾಗಳಲ್ಲಿ ಮನೆಮನೆಗೆ ಕಿಡ್ನಿ ರೋಗಿಗಳಿದ್ದಾರೆ.

ಸರ್ಕಾರಗಳು ಏನೂ ಮಾಡಿಲ್ಲವೆನ್ನುವುದು ಸುಳ್ಳು. 2023ರ ಡಿಸೆಂಬರ್ 14ರಂದು ಪಲಾಸದಲ್ಲಿ 200 ಹಾಸಿಗೆಯ ಆಸ್ಪತ್ರೆ ಮತ್ತು ಕಿಡ್ನಿ ಸಂಶೋಧನಾ ಕೇಂದ್ರ ಉದ್ಘಾಟನೆಯಾಯಿತು. 700 ಕೋಟಿ ರೂಪಾಯಿಯ ಕುಡಿಯುವ ನೀರಿನ ಯೋಜನೆಯೂ ಅಂದೇ ಆರಂಭವಾಯಿತು. ಡಯಾಲಿಸಿಸ್ ಕೇಂದ್ರಗಳಿವೆ, ರೋಗಿಗಳಿಗೆ ಮಾಸಿಕ ಪಿಂಚಣಿ ಇದೆ. ಗುಮಾಸ್ತರಾದ್ದರಿಂದ ನಮ್ಮ ಕಣ್ಣು ಪಿಂಚಣಿಯ ನಿಯಮದ ಮೇಲೆ ಬಿತ್ತು. ಡಯಾಲಿಸಿಸ್‌ನಲ್ಲಿ ಇಲ್ಲದ ರೋಗಿ ಪಿಂಚಣಿಗೆ ಅರ್ಹನಾಗುವುದು ಯಾವಾಗ? ಕ್ರಿಯಾಟಿನಿನ್ 5 ದಾಟಿದಾಗ, ಸೋಸುವಿಕೆ 15ಕ್ಕಿಂತ ಕೆಳಗಿಳಿದಾಗ, ಇಲ್ಲವೇ ಮೂತ್ರಪಿಂಡ ಕುಗ್ಗಿದಾಗ. ಹಸಿದವನಿಗೆ ಅನ್ನ ಕೊಡುವುದಕ್ಕೆ ಇದು ಸರಿಯಾದ ನಿಯಮವೇ ಇರಬಹುದು. ಆದರೆ ರೋಗಿ ಸರ್ಕಾರದ ಕಣ್ಣಿಗೆ ಬೀಳುವ ಆ ಹೊತ್ತಿಗೆ ಬಯಾಪ್ಸಿಯ ಹೊತ್ತು ಮೀರಿರುತ್ತದೆ. ಕುಗ್ಗಿದ ಪಿಂಡಕ್ಕೆ ಸೂಜಿ ಹಾಕುವಂತಿಲ್ಲ, ಹಾಕಿದರೂ ಕಾಣುವುದು ಬರಿಯ ಬೂದಿ. ಹಾಸಿಗೆಗಳನ್ನು ಎಣಿಸುತ್ತೇವೆ, ಯಂತ್ರಗಳನ್ನು ಎಣಿಸುತ್ತೇವೆ. ಯಾರು ಯಾವ ವರ್ಷ ಆ ಹಾಸಿಗೆಗೆ ಬರುವರೆಂದು ತಿಳಿಸುವ ಪರೀಕ್ಷೆಯನ್ನು ಮಾತ್ರ ಹಿಂದಕ್ಕೆ ತಳ್ಳುತ್ತೇವೆ.

ಉದ್ದಾನದ ಪ್ರತಿಯೊಬ್ಬರಿಗೂ ಸೂಜಿ ಹಾಕಿ ಎಂದು ನಾವು ಕೇಳುತ್ತಿಲ್ಲ; ಅದು ಹುಚ್ಚು. ಕ್ರಿಯಾಟಿನಿನ್ ಈಗತಾನೇ ಏರತೊಡಗಿದ, ಒಪ್ಪಿದ ಕೆಲವು ನೂರು ಮಂದಿಯ ತುಣುಕು ತೆಗೆದು, ಬೂದಿಯ ಪ್ರಮಾಣ ಬರೆದಿಟ್ಟು, ಅದೇ ಮಂದಿಯನ್ನು ಐದು ಹತ್ತು ವರ್ಷ ಬಿಡದೆ ನೋಡಬೇಕು. ಆಗ ಮಾತ್ರ ಈ ಸೀಮೆಯಲ್ಲಿ ಶೇಕಡ 30 ನಾರು ಎಂದರೆ ಎಷ್ಟು ವರ್ಷ ಎಂಬ ಲೆಕ್ಕ ಹುಟ್ಟುತ್ತದೆ. ಬೇರೆಯವರ ಲೆಕ್ಕ ನಮಗೆ ಹಾಗೆಹಾಗೇ ಹೊಂದುವುದಿಲ್ಲ. ಐಜಿಎ ರೋಗಕ್ಕೆ 2019ರಲ್ಲಿ ಬಂದ ಅಂತರರಾಷ್ಟ್ರೀಯ ಮುನ್ಸೂಚನಾ ಸೂತ್ರವನ್ನೇ ನೋಡಿ: ಬಿಳಿಯರು, ಚೀನೀಯರು, ಜಪಾನೀಯರು ಎಂದು ಬಿಡಿಬಿಡಿಯಾಗಿ ಬರೆದು, ಭಾರತೀಯರನ್ನು "ಇತರೆ" ಎಂಬ ಕಲಂನಲ್ಲಿ ಹಾಕಬೇಕಾಗಿದೆ. ನಮ್ಮವರಲ್ಲಿ ಈ ರೋಗ ಬೇಗ ಓಡುತ್ತದೆಂದು ತೋರಿಸಲು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನವರು ಸುಮಾರು ಇನ್ನೂರು ರೋಗಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಬೇಕಾಯಿತು. ಹಾಗೆ ಹಿಂಬಾಲಿಸುವ ಕೆಲಸ ಪಲಾಸದಲ್ಲಿ, ವಿಶಾಖಪಟ್ಟಣದಲ್ಲಿ, ವಿಜಯವಾಡದಲ್ಲಿ ಆಗಬೇಕು.

ಅಷ್ಟು ಹೇಳಿದ ಮೇಲೆ ಎದುರು ಪಕ್ಷದ ಒಂದು ಮಾತನ್ನು ಒಪ್ಪಲೇಬೇಕು. ವರದಿ ಜಾತಕವಲ್ಲ. ಹತ್ತು ಲಕ್ಷದಲ್ಲಿ ಹದಿನಾರು ಉಂಡೆ ನೋಡಿ ಬರೆದದ್ದು ಅಂದಾಜು ಪಟ್ಟಿ, ಆಡಿಟ್ ವರದಿಯಲ್ಲ. ಸೂಜಿ ತಗುಲಿದ ಜಾಗದಲ್ಲಿ ಕಲೆ ಹೆಚ್ಚಿದ್ದು ಪಕ್ಕದಲ್ಲಿ ಕಡಿಮೆ ಇರಬಹುದು. ಎಂಟು ಹತ್ತು ಉಂಡೆಗಳೂ ಸಿಗದಿದ್ದರೆ ಅಂಕಕ್ಕೇ ಬೆಲೆಯಿಲ್ಲ. ಟಿ1 ಬಂದವರು ಹತ್ತಾರು ವರ್ಷ ನಡೆಸಿದ್ದುಂಟು. ಏಕೆಂದರೆ ಅಂದಾಜನ್ನು ತಿದ್ದುವ ಉಪಾಯಗಳಿವೆ: ರಕ್ತದೊತ್ತಡದ ಹತೋಟಿ, ಉಪ್ಪಿನಲ್ಲಿ ಕಡಿತ, ಮೊಣಕಾಲು ನೋವೆಂದು ಅಂಗಡಿಯಿಂದ ತಂದು ನುಂಗುವ ಮಾತ್ರೆಗಳಿಗೆ ವಿದಾಯ, ಪ್ರೋಟೀನು ತಗ್ಗಿಸುವ ಮದ್ದು. ಡಪಾಗ್ಲಿಫ್ಲೋಜಿನ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆ, ಸಕ್ಕರೆ ಇಲ್ಲದವರ ಮೂತ್ರಪಿಂಡವನ್ನೂ ಕಾಪಾಡುತ್ತದೆಂದು 2020ರಲ್ಲಿ ಸಾಬೀತಾಯಿತು. ಅದೇ ವರ್ಷ ನಮ್ಮ ದೇಶದಲ್ಲಿ ಅದರ ಪೇಟೆಂಟು ಮುಗಿದು ಬೆಲೆಯೂ ಇಳಿಯಿತು. ಕೆಂಡ ಹೆಚ್ಚಿದ್ದರೆ ಸ್ಟೆರಾಯ್ಡ್ ಕೊಡುತ್ತಾರೆ. ಬೂದಿಯೇ ಹೆಚ್ಚಿದ್ದರೆ ಅದರಿಂದ ಸೋಂಕಿನ ಕಾಟವೇ ಲಾಭ. ಇದನ್ನೆಲ್ಲ ನಿಶ್ಚಯಿಸಲು ವೈದ್ಯರಿಗೂ ಎರಡನೆಯ ಪುಟವೇ ಬೇಕು.

ಕೊನೆಗೆ ನಮ್ಮ ನಮ್ಮಲ್ಲೇ ಒಂದು ಮಾತು. ವರ್ಗಾವಣೆಯಾದಾಗ ಸರ್ವಿಸ್ ಪುಸ್ತಕ ಹಿಂದೆಯೇ ಬರುವಂತೆ ನೋಡಿಕೊಳ್ಳುತ್ತೇವೆ, ಮಕ್ಕಳ ಟಿ.ಸಿ. ಜೋಪಾನ ಮಾಡುತ್ತೇವೆ, ಜಾತಕವಂತೂ ಪ್ಲಾಸ್ಟಿಕ್ ಕವರಿನಲ್ಲಿ ಊರೂರು ಸುತ್ತುತ್ತದೆ. ಬಯಾಪ್ಸಿ ವರದಿ ಮಾತ್ರ ಹಳೆಯ ಕ್ವಾರ್ಟರ್ಸಿನಲ್ಲೇ ಉಳಿಯುತ್ತದೆ. ಹೊಸ ಊರಿನ ವೈದ್ಯರು ಮತ್ತೆ ಕ್ರಿಯಾಟಿನಿನ್ನಿನಿಂದ ಪ್ರಾರಂಭಿಸುತ್ತಾರೆ. ಬೆಂಗಳೂರಿಗೋ ಮಣಿಪಾಲಕ್ಕೋ ಎರಡನೆಯ ಅಭಿಪ್ರಾಯಕ್ಕೆ ಹೋಗುವಾಗ ವರದಿಯ ಜೊತೆಗೆ ಗಾಜಿನ ಸ್ಲೈಡುಗಳನ್ನೂ ಮೇಣದ ಬ್ಲಾಕನ್ನೂ ಪ್ರಯೋಗಾಲಯದಿಂದ ಕೇಳಿ ಪಡೆಯಬಹುದೆಂದು ಎಷ್ಟು ಮಂದಿಗೆ ಗೊತ್ತು? ಕೆಲವು ಮನೆಗಳಲ್ಲಿ ವರದಿಯನ್ನು ಬೇಕೆಂದೇ ಅಡಗಿಸುತ್ತಾರೆ. ತಂಗಿಯ ಮದುವೆ ಮಾತುಕತೆ ನಡೆಯುತ್ತಿದೆ ಎಂಬ ಕಾರಣಕ್ಕೆ ಅಣ್ಣನ ಟಿ1 ಟ್ರಂಕಿನ ತಳ ಸೇರಿದ್ದನ್ನು ನಾವು ಬಲ್ಲೆವು.

ಸಂಘದ ವಾರ್ಷಿಕ ಆರೋಗ್ಯ ಶಿಬಿರದಲ್ಲಿ ಪ್ರತಿವರ್ಷ ರಕ್ತದೊತ್ತಡ ಮತ್ತು ಸಕ್ಕರೆ ನೋಡಿ ಒಂದು ಲೋಟ ಕಾಫಿ ಕೊಟ್ಟು ಕಳುಹಿಸುತ್ತಾರೆ. ಈ ಸಲ ಕ್ರಿಯಾಟಿನಿನ್ ಮತ್ತು ಸೂಕ್ಷ್ಮದರ್ಶಕದಲ್ಲಿ ಮೂತ್ರ ಪರೀಕ್ಷೆ ಇವೆರಡನ್ನೂ ಸೇರಿಸಬೇಕೆಂದೂ, ಹಳೆಯ ಬಯಾಪ್ಸಿ ವರದಿ ಇದ್ದವರು ಅದನ್ನು ತಂದರೆ ಎರಡನೆಯ ಪುಟವನ್ನು ಕನ್ನಡದಲ್ಲಿ ಬಿಡಿಸಿ ಹೇಳಲು ಮೂತ್ರಪಿಂಡ ತಜ್ಞರೊಬ್ಬರನ್ನು ಕರೆಸಬೇಕೆಂದೂ ಕಾರ್ಯಕಾರಿ ಸಮಿತಿಗೆ ಬರೆದು ಕೊಟ್ಟಿದ್ದೇವೆ. ಖರ್ಚು ಹೆಚ್ಚೆಂದು ಖಜಾಂಚಿಗಳು ಈಗಾಗಲೇ ಗೊಣಗಿದ್ದಾರೆ. ವಾದ್ಯಗೋಷ್ಠಿಯ ಖರ್ಚಿನಲ್ಲಿ ಸ್ವಲ್ಪ ಕಡಿಮೆ ಮಾಡಿದರೆ ಸಾಲುತ್ತದೆಂದು ಲೆಕ್ಕ ಹಾಕಿ ಲಗತ್ತಿಸಿದ್ದೇವೆ. ಪಂಕ್ತಿಯ ಆ ಹಿರಿಯರನ್ನೂ ಶಿಬಿರಕ್ಕೆ ಕರೆದಿದ್ದೇವೆ. ಬರುತ್ತೇನೆ, ಆದರೆ ಸೂಜಿಯ ಮಾತೆತ್ತಬೇಡಿ ಎಂದಿದ್ದಾರೆ.